ದಂತ ಇಂಪ್ಲಾಂಟ್: ಮೇಲ್ಮೈ ಲೇಪನ ಮತ್ತು ವಸಡಿನ ಬಂಧ – ಸಾರ್ವಜನಿಕರಿಗೆ ಮಾಹಿತಿ

ಬಿದ್ದುಹೋದ ಹಲ್ಲಿನ ಜಾಗದಲ್ಲಿ, ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ತಿರುಪಿಗೆ ದಂತ ಇಂಪ್ಲಾಂಟ್ ಎಂದು ಹೆಸರು. ಇದರ ಮೇಲ್ಮೈ ಲೇಪನದ ಕುರಿತು ಮೈಸೂರಿನ ಗೋಕುಲಂ ಬಡಾವಣೆಯ ನಾಗರಿಕರು ಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಸಹಜ ಹಲ್ಲಿಗೂ ಇಂಪ್ಲಾಂಟ್‌ಗೂ ಇರುವ ವ್ಯತ್ಯಾಸ

ಸಹಜ ಹಲ್ಲಿನ ಬೇರಿನ ಮೇಲೆ ಸಿಮೆಂಟಂ ಎಂಬ ಪದರವಿದ್ದು, ವಸಡಿನ ನಾರುಗಳು ಅದರೊಳಗೆ ನಾಟಿಕೊಂಡಿರುತ್ತವೆ. ಇಂಪ್ಲಾಂಟ್‌ಗೆ ಈ ಪದರವಿಲ್ಲ. ನಾರುಗಳು ಬಹುಮಟ್ಟಿಗೆ ಅದಕ್ಕೆ ಸಮಾನಾಂತರವಾಗಿ ಅಥವಾ ಬಳೆಯಂತೆ ಸುತ್ತುವರಿಯುತ್ತವೆಯೇ ಹೊರತು ಒಳಗೆ ನಾಟುವುದಿಲ್ಲ. ಆದುದರಿಂದ ಈ ಬಂಧವು ದುರ್ಬಲವಾಗಿದ್ದು, ಅದು ಸಡಿಲಗೊಂಡಲ್ಲಿ ಸೋಂಕು ಮೂಳೆಯನ್ನು ತಲುಪಿ ಇಂಪ್ಲಾಂಟ್ ಕಳೆದುಕೊಳ್ಳುವ ಸಂಭವವಿದೆ.

ಮೇಲ್ಮೈಯ ಪಾತ್ರ

ಸ್ವೀಡನ್ನಿನ ಪರ್-ಇಂಗ್ವಾರ್ ಬ್ರಾನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಅಳವಡಿಸಿದರು. ಮೂಳೆ ಮತ್ತು ವಸಡು ಬಯಸುವ ಮೇಲ್ಮೈಗಳು ಬೇರೆ ಬೇರೆ ಎಂಬುದು ನಂತರದ ಅಧ್ಯಯನಗಳಿಂದ ತಿಳಿದುಬಂದಿದೆ.

1. ಮೂಳೆಯೊಳಗಿನ ಭಾಗ: ಸುಮಾರು 1ರಿಂದ 2 ಮೈಕ್ರೋಮೀಟರ್‌ನಷ್ಟು ಒರಟುತನವು ಮೂಳೆ ಬೆಸೆಯಲು ಸಹಕಾರಿ. ಹೈಡ್ರಾಕ್ಸಿಅಪಟೈಟ್ ಲೇಪನವೂ ಈ ಉದ್ದೇಶದ್ದೇ ಆಗಿದೆ. ಆದರೆ ಹಿಂದಿನ ದಪ್ಪ ಲೇಪನಗಳು ಕೆಲವೊಮ್ಮೆ ಕಳಚಿದ ನಿದರ್ಶನಗಳಿವೆ.
2. ವಸಡಿಗೆ ತಾಗುವ ಭಾಗ: ಇದು ನುಣುಪಾಗಿರತಕ್ಕದ್ದು. ಒರಟುತನ ಸುಮಾರು 0.2 ಮೈಕ್ರೋಮೀಟರ್‌ಗಿಂತ ಹೆಚ್ಚಾದಲ್ಲಿ ದಂತಪಾಚಿ ಸುಲಭವಾಗಿ ಅಂಟುತ್ತದೆ.
3. ಟೈಟಾನಿಯಂ ನೈಟ್ರೈಡ್: ಈ ಹೊಂಬಣ್ಣದ ಗಟ್ಟಿ ಲೇಪನವು ತೆಳುವಾದ ವಸಡಿನ ಮೂಲಕ ಲೋಹದ ಬೂದುಬಣ್ಣ ಕಾಣುವುದನ್ನು ತಗ್ಗಿಸುತ್ತದೆ.
4. ಜಿರ್ಕೋನಿಯಾ: ಇದು ಲೇಪನವಲ್ಲ, ಬಿಳಿಯ ಸೆರಾಮಿಕ್ ವಸ್ತು. ವಸಡಿಗೆ ತಾಗುವ ಭಾಗದಲ್ಲಿ ಬಳಸಲಾಗುತ್ತದೆ.
5. ಲೇಸರ್‌ನಿಂದ ಕೊರೆದ ಸೂಕ್ಷ್ಮ ಗೆರೆಗಳು: ಇವುಗಳ ಮೇಲೆ ನಾರುಗಳು ಲಂಬವಾಗಿ ಬಂದು ಸೇರಿದ್ದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಯಾವುದೇ ಲೇಪನವು ಸಹಜ ಹಲ್ಲಿನ ಬಂಧಕ್ಕೆ ಸಮನಾಗಲಾರದು, ಸ್ವಚ್ಛತೆಗೆ ಪರ್ಯಾಯವೂ ಅಲ್ಲ.

ಒಪ್ಪಿಗೆಗೆ ಮುನ್ನ ಕೇಳಿ ತಿಳಿಯಬೇಕಾದ ವಿಷಯಗಳು

* ವಸಡಿಗೆ ತಾಗುವ ಭಾಗದ ವಸ್ತು ಮತ್ತು ಲೇಪನ ಯಾವುದು?
* ಹಾಲಿ ವಸಡಿನ ರೋಗಕ್ಕೆ ಮೊದಲು ಚಿಕಿತ್ಸೆ ಆಗಬೇಕೇ?
* ತಯಾರಕರ ಹೆಸರು, ಮಾದರಿ, ಅಳತೆ ಹಾಗೂ ಬ್ಯಾಚ್ ಸಂಖ್ಯೆಯನ್ನು ಲಿಖಿತವಾಗಿ ನೀಡುವರೇ?

ಕೊನೆಯ ವಿವರಗಳನ್ನು ಬಿಲ್ಲಿನೊಂದಿಗೆ ಜೋಪಾನವಾಗಿಡತಕ್ಕದ್ದು. ಮುಂದೆ ಬೇರೆ ಊರಿನಲ್ಲಿ ದುರಸ್ತಿ ಮಾಡಿಸಬೇಕಾದಲ್ಲಿ ಹೊಂದುವ ಬಿಡಿಭಾಗವನ್ನು ಗುರುತಿಸಲು ಇವು ಅವಶ್ಯಕ. ಬಿ.ಪಿ.ಎಲ್. ಕುಟುಂಬಗಳ ಹಿರಿಯ ನಾಗರಿಕರಿಗಾಗಿ ರೂಪಿಸಲಾದ ‘ದಂತ ಭಾಗ್ಯ’ ಯೋಜನೆಯು ಕೃತಕ ದಂತಪಂಕ್ತಿಗೆ ಸಂಬಂಧಿಸಿದ್ದು, ಇಂಪ್ಲಾಂಟ್‌ಗೆ ಅಲ್ಲ ಎಂಬುದನ್ನು ಅರ್ಜಿದಾರರು ಗಮನಿಸುವುದು.

ಚಿಕಿತ್ಸೆಯ ನಂತರ

ದಿನಕ್ಕೆ ಎರಡು ಬಾರಿ ಮೃದುವಾದ ಬ್ರಷ್‌ನಿಂದ ಶುಚಿಗೊಳಿಸುವುದು, ಹಲ್ಲುಗಳ ಸಂದಿಗೆ ಸಣ್ಣ ಬ್ರಷ್ ಬಳಸುವುದು ಮತ್ತು ವೈದ್ಯರು ಸೂಚಿಸಿದ ಅವಧಿಗೆ ತಪಾಸಣೆಗೆ ಹೋಗುವುದು ಅಗತ್ಯ. ಬೀಡಿ, ಸಿಗರೇಟು ಹಾಗೂ ಹೊಗೆಸೊಪ್ಪನ್ನು ವರ್ಜಿಸತಕ್ಕದ್ದು. ಮಧುಮೇಹವಿರುವವರು ಸಕ್ಕರೆಯ ಪ್ರಮಾಣವನ್ನು ಹತೋಟಿಯಲ್ಲಿಡತಕ್ಕದ್ದು.

ವಸಡು ಕೆಂಪಾಗುವುದು, ಊದಿಕೊಳ್ಳುವುದು ಅಥವಾ ಹಲ್ಲುಜ್ಜುವಾಗ ರಕ್ತ ಬರುವುದು ಮೊದಲ ಸೂಚನೆಗಳು. ಈ ಹಂತದಲ್ಲಿ ಶುಚೀಕರಣದಿಂದ ವಸಡು ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಮೂಳೆ ಸವೆದ ನಂತರ ಚಿಕಿತ್ಸೆ ಕಠಿಣ. ನೋವಿಲ್ಲವೆಂದು ತಡಮಾಡದೆ, ಅಳವಡಿಸಿದ ವೈದ್ಯರನ್ನು ಅಥವಾ ಮೈಸೂರಿನ ಬನ್ನಿಮಂಟಪದಲ್ಲಿರುವ ಜೆ.ಎಸ್.ಎಸ್. ದಂತ ವೈದ್ಯಕೀಯ ಕಾಲೇಜು ಆಸ್ಪತ್ರೆಯಂತಹ ಸಂಸ್ಥೆಯ ವಸಡು ತಜ್ಞರನ್ನು ಕಾಣುವುದು ಸೂಕ್ತ.