ಒಂದು ಬೆಳಕು, ಎರಡು ದಂಡೆ

ಕೃಷ್ಣೆಯ ಆಚೆ ದಂಡೆಯಲ್ಲಿ ಖಿದ್ರಾಪುರ. ಈಚೆಗೆ ನಮ್ಮ ಜುಗುಳ. ಅಲ್ಲಿಯ ಕೋಪೇಶ್ವರ ದೇವಾಲಯಕ್ಕೆ ಚಿಕ್ಕೋಡಿಯಿಂದ ಕ್ಯಾಮರಾ ಹೆಗಲಿಗೇರಿಸಿಕೊಂಡು ಹೋಗುವ ತರುಣರನ್ನು ನಾನು ಬಲ್ಲೆ. ಶಿಲಾಹಾರರ ಕಾಲದ ಗುಡಿ; ಇಂದು ಮಹಾರಾಷ್ಟ್ರಕ್ಕೆ ಸೇರಿದ್ದು, ಕನ್ನಡ ಶಾಸನಗಳನ್ನು ಹೊತ್ತು ನಿಂತಿರುವಂಥದು. ಅದರ ಸ್ವರ್ಗಮಂಟಪದ ನಡುವೆ ಮಾಳಿಗೆಯಿಲ್ಲ. ದುಂಡನೆಯ ತೆರಪಿನಿಂದ ಬಿಸಿಲು ಬಿಲ್ಲೆಯಾಗಿ ಇಳಿದು ನೆಲದ ಮೇಲೆ ಮೆಲ್ಲನೆ ಸರಿಯುತ್ತದೆ. ಅದನ್ನು ಕಾಯುತ್ತ ನಿಂತ ಹುಡುಗ ಅದನ್ನು ಯಾವ ಭಾಷೆಯಲ್ಲಿ ನೋಡುತ್ತಾನೆ?

ಪ್ರಶ್ನೆ ವಿಚಿತ್ರವೆನಿಸೀತು, ನಮ್ಮ ಸೀಮೆಯಲ್ಲಿ ಮಾತ್ರ ಅದಕ್ಕೆ ಅರ್ಥವಿದೆ. ಮನೆಯಲ್ಲಿ ‘ರೊಟ್ಟಿ’ಯೆಂದು ತಿಂದುದನ್ನೇ ನೆರೆಮನೆಯಲ್ಲಿ ‘ಭಾಕರಿ’ಯೆಂದು ತಿಂದು ಬೆಳೆದ ಮಗುವಿಗೆ ವಸ್ತು ಬೇರೆ, ಹೆಸರು ಬೇರೆ ಎಂಬುದು ಸಾಲೆಗೆ ಹೋಗುವ ಮೊದಲೇ ತಿಳಿದಿರುತ್ತದೆ. ಛಾಯಾಗ್ರಾಹಕನೂ ಕಲಿಯಬೇಕಾದುದು ಇದನ್ನೇ: ಹೆಸರನ್ನು ಮರೆತು ವಸ್ತುವನ್ನು ನೋಡುವುದನ್ನು. ಹಾಗೆಂದು ಎರಡು ಭಾಷೆ ಬಂದವರಿಗೆಲ್ಲ ಕಣ್ಣು ಬರುತ್ತದೆಂದಲ್ಲ. ಬಂದಿದ್ದರೆ ನಿಪ್ಪಾಣಿಯ ಸಂತೆಯಲ್ಲಿ ತಕ್ಕಡಿಗಿಂತ ಕ್ಯಾಮರಾಗಳೇ ಹೆಚ್ಚಾಗಿರುತ್ತಿದ್ದವು!

ಕಣ್ಣು ಬಂದವರ ಮಾತು ಬಂದಾಗ ನನಗೆ ಗುರುದತ್ತರ ನೆನಪಾಗುತ್ತದೆ. ಕೊಂಕಣಿ ಮನೆಮಾತಿನ ಪಡುಕೋಣೆ ಕುಟುಂಬದ ಈ ಹುಡುಗ 1925ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಕಲಕತ್ತೆಯಲ್ಲಿ. ಅಜ್ಜಿ ಹಚ್ಚಿಟ್ಟ ಸಂಜೆದೀಪದ ಮುಂದೆ ಬೆರಳಾಡಿಸಿ ಗೋಡೆಯ ಮೇಲೆ ನೆರಳಿನ ಚಿತ್ರ ಮೂಡಿಸುವುದು ಅವನ ಆಟ. ಮುಂದೆ ಅಲ್ಮೋರಾದಲ್ಲಿ ಉದಯಶಂಕರರ ಬಳಿ ನೃತ್ಯ. ಆಮೇಲೆ ಪುಣೆಯ ಪ್ರಭಾತ್ ಕಂಪನಿ. 1957ರ ‘ಪ್ಯಾಸಾ’ದಲ್ಲಿ ಬಂಗಾಳದ ಕೀರ್ತನೆಯ ಧಾಟಿ ಹಿಂದಿ ಚಿತ್ರದೊಳಕ್ಕೆ ಎಷ್ಟು ಸಹಜವಾಗಿ ಬಂದು ಕುಳಿತಿತೆಂಬುದನ್ನು ನೋಡಿದವರು ಬಲ್ಲರು. ಆ ಚಿತ್ರಕ್ಕೆ ಕ್ಯಾಮರಾ ಹಿಡಿದವರು ಮೈಸೂರಿನ ವಿ. ಕೆ. ಮೂರ್ತಿ, ಪಿಟೀಲು ಬಲ್ಲವರು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿ ಬೆಳಕಿನ ಕಂಬವೊಂದನ್ನು ನಿಲ್ಲಿಸಿದರು. ಅದರ ಸುತ್ತ ಕತ್ತಲು. ಹತ್ತಿರ ಬರಲಾರದ ಇಬ್ಬರು. ಒಂದೇ ಊರಿನಲ್ಲಿ ಬೇರು ಬಿಟ್ಟವರಿಗೆ ಆ ದೂರದ ಅಳತೆ ಅಷ್ಟು ಖಚಿತವಾಗಿ ಸಿಕ್ಕುತ್ತಿರಲಿಲ್ಲವೆಂದು ನನ್ನ ಅನಿಸಿಕೆ. ಒಪ್ಪದವರು ಒಪ್ಪದಿರಲಿ.

ನಮ್ಮಲ್ಲಿ ಈ ದೂರ ಚರ್ಚೆಯ ವಿಷಯವಾಗಿಯೇ ಉಳಿದಿದೆ. ಕೊಲ್ಹಾಪುರ ಸಂಸ್ಥಾನದಲ್ಲಿದ್ದ ರಾಯಬಾಗ 1956ರಲ್ಲಿ ಬೆಳಗಾವಿ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ಗಡಿಯ ವಾದ ಇಂದಿಗೂ ಮುಗಿದಿಲ್ಲ. ಒಮ್ಮೆ ಒಂದು ಛಾಯಾಚಿತ್ರ ಪ್ರದರ್ಶನದಲ್ಲಿ, ಚಿತ್ರಗಳ ಕೆಳಗೆ ಯಾವ ಲಿಪಿಯಿರಬೇಕೆಂಬ ಜಗಳದಲ್ಲಿ ಚಿತ್ರಗಳನ್ನು ನೋಡುವವರೇ ಇಲ್ಲವಾದುದನ್ನು ಕಂಡು ಮನಸ್ಸು ಹುಳ್ಳಗಾಗಿತ್ತು.

ಕೋಪೇಶ್ವರನ ಮುಂದೆ ನಂದಿಯಿಲ್ಲ. ಅವನು ಹೊಳೆಯ ಈಚೆ, ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿದ್ದಾನೆಂದು ಜನ ಹೇಳುತ್ತಾರೆ. ನನ್ನ ಶಿಷ್ಯನೊಬ್ಬ ಮೊದಲು ಖಿದ್ರಾಪುರದ ಆ ಬರಿದು ಜಾಗದ ಚಿತ್ರ ತೆಗೆದ. ಮರುವಾರ ಯಡೂರಿಗೆ ಹೋಗಿ ನಂದಿಯದನ್ನು ತೆಗೆದ. ಎರಡನ್ನೂ ಒಂದೇ ರಟ್ಟಿಗೆ ಅಂಟಿಸಿ ತಂದಿದ್ದ. ಕೆಳಗೆ ಏನನ್ನೂ ಬರೆದಿರಲಿಲ್ಲ.