ಮಳೆಯೂ ಮೋಟಾರಿನ ಗಾಜೂ

ನಾನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಮಳೆಗಾಲದ ರಾತ್ರಿಯಲ್ಲಿ ಘಟ್ಟದ ದಾರಿಯಾಗಿ ಬಸ್ಸಿನಲ್ಲಿ ಪ್ರಯಾಣ ಮಾಡಬೇಕಾಯಿತು. ನನಗೆ ದೊರೆತದ್ದು ಚಾಲಕರ ಪಕ್ಕದ ಆಸನ. ಅರ್ಧ ದಾರಿಯಲ್ಲಿ ವೈಪರ್ ಕೆಟ್ಟು ನಿಂತಿತು. ಗಾಜಿನ ತುಂಬ ಹನಿಗಳು. ಎದುರಿಗೆ ಬರುವ ಲಾರಿಯ ದೀಪ ನೂರು ದೀಪಗಳಾಗಿ ಒಡೆದು ಕಣ್ಣಿಗೆ ರಾಚುತ್ತಿತ್ತು. ರಸ್ತೆಯ ಅಂಚು ಯಾವುದು, ಅದರಾಚೆಯ ಕಮರಿ ಯಾವುದು ಎಂಬುದೇ ತಿಳಿಯದಾಯಿತು. ಚಾಲಕರು ಬಸ್ಸನ್ನು ಬದಿಗೆ ನಿಲ್ಲಿಸಿದರು. ಜೇಬಿನಿಂದ ನಾಲ್ಕಾರು ಬೀಡಿಗಳನ್ನು ತೆಗೆದು ಬಿಚ್ಚಿ, ಒಳಗಿನ ಹೊಗೆಸೊಪ್ಪಿನ ಪುಡಿಯನ್ನು ಅಂಗೈಯಲ್ಲಿ ನೆನೆಸಿ, ಗಾಜಿಗೆ ಚೆನ್ನಾಗಿ ತಿಕ್ಕಿದರು. ಮಳೆಯೇನೂ ನಿಲ್ಲಲಿಲ್ಲ, ಆದರೆ ಹನಿಗಳು ಮಾಯವಾದುವು. ನೀರು ತೆಳುವಾದ ಹಾಳೆಯಂತೆ ಹರಡಿ ಕೆಳಗಿಳಿಯತೊಡಗಿತು. ಅದರ ಮೂಲಕ ರಸ್ತೆ ಸಾಕಷ್ಟು ಸ್ಪಷ್ಟವಾಗಿಯೇ ಕಂಡಿತು.

ಈಗ ಮೋಟಾರಿನ ಮುಂದಿನ ಗಾಜಿಗೆ ಹಚ್ಚುವ ‘ನ್ಯಾನೊ ಲೇಪ’ಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಕೆಲಸ ಆ ಹೊಗೆಸೊಪ್ಪಿನ ಕೆಲಸಕ್ಕೆ ನೇರ ವಿರುದ್ಧವಾದುದು. ಹೊಗೆಸೊಪ್ಪು ನೀರನ್ನು ಹರಡಿಸಿತು. ಲೇಪವು ನೀರನ್ನು ಗುಂಡಗೆ ಮಾಡಿ ಉರುಳಿಸಿಬಿಡುತ್ತದೆ. ಹೀಗೆ ಒಂದಕ್ಕೊಂದು ಎದುರಾದ ಎರಡು ಉಪಾಯಗಳಿಂದ ಒಂದೇ ಫಲ ದೊರೆಯುವುದು ಹೇಗೆ?

ಗಾಜಿನ ಮೇಲೆ ಕುಳಿತ ಒಂದು ಹನಿಯನ್ನು ಗಮನಿಸಿ. ಅದರ ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಎಂದರೆ ಅದೊಂದು ಪೀನ ಮಸೂರ. ನೀರಿನ ವಕ್ರೀಭವನಾಂಕ 1.33, ಆದುದರಿಂದ ಉಬ್ಬಿನ ತ್ರಿಜ್ಯ 2 ಮಿಲಿಮೀಟರ್ ಇದ್ದರೆ ಮಸೂರದ ಸಂಗಮದೂರ ಸುಮಾರು 6 ಮಿಲಿಮೀಟರ್ ಆಗುತ್ತದೆ. ಇಂತಹ ಸಾವಿರ ಮಸೂರಗಳು ಕಣ್ಣಿಗೆ ಅಡ್ಡವಾಗಿ ನಿಂತು, ಪ್ರತಿಯೊಂದೂ ಎದುರಿನ ದೀಪದ ಬೆಳಕನ್ನು ತನ್ನದೇ ದಿಕ್ಕಿಗೆ ಬಾಗಿಸಿದರೆ ಚಾಲಕನಿಗೆ ದಾರಿ ಕಾಣುವುದೆಂತು? ನೀರು ಸಮನಾದ ಪೊರೆಯಾಗಿ ಹರಡಿದರೆ ಎರಡು ಮುಖಗಳೂ ಸಮಾಂತರವಾಗಿ, ಕಿರಣಗಳು ದಿಕ್ಕು ಬದಲಿಸದೆ ಹಾದುಹೋಗುತ್ತವೆ. ನೀರು ನಿಲ್ಲದೆ ಉರುಳಿಹೋದರಂತೂ ತೊಂದರೆಯೇ ಇಲ್ಲ. ಅಪಾಯವಿರುವುದು ಈ ಎರಡರ ನಡುವಣ ಸ್ಥಿತಿಯಲ್ಲಿ, ನೀರು ಪೂರ್ತಿ ಹರಡಲೂ ಒಲ್ಲದೆ ಬಿಟ್ಟುಹೋಗಲೂ ಒಲ್ಲದೆ ಅಂಟಿಕೊಂಡಿರುವಾಗ.

ಹನಿಯ ಅಂಚಿನಲ್ಲಿ, ನೀರಿನ ಒಳಮಗ್ಗುಲಲ್ಲಿ, ಗಾಜಿನ ತಲಕ್ಕೂ ನೀರಿನ ಮೇಲ್ಮೈಗೂ ನಡುವೆ ಉಂಟಾಗುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ನೀರಿನ ಅಣುಗಳಿಗೆ ತಮ್ಮತಮ್ಮೊಳಗಿನ ಸೆಳೆತ ಮತ್ತು ಗಾಜಿನೊಡನೆ ಇರುವ ಸೆಳೆತ, ಇವೆರಡರ ಪಂದ್ಯದಿಂದ ಈ ಕೋನ ನಿರ್ಧಾರವಾಗುತ್ತದೆಂಬುದನ್ನು ಥಾಮಸ್ ಯಂಗ್ 1805ರಲ್ಲಿಯೇ ವಿವರಿಸಿದನು. ಗಾಜು ಮುಖ್ಯವಾಗಿ ಸಿಲಿಕಾನ್ ಮತ್ತು ಆಮ್ಲಜನಕಗಳ ಜಾಲ. ಅದರ ಮೇಲ್ಮೈಯಲ್ಲಿ ಜಲಜನಕವನ್ನು ಹೊತ್ತ ಆಮ್ಲಜನಕದ ಪರಮಾಣುಗಳು ಒತ್ತಾಗಿ ಹೊರಚಾಚಿರುತ್ತವೆ. ಇವಕ್ಕೆ ನೀರೆಂದರೆ ಬಹಳ ಪ್ರೀತಿ. ಆದಕಾರಣ ಅಪ್ಪಟ ಶುದ್ಧವಾದ ಗಾಜಿನ ಮೇಲೆ ಸ್ಪರ್ಶಕೋನ ಸೊನ್ನೆಗೆ ಹತ್ತಿರವಾಗಿದ್ದು, ನೀರು ತಾನಾಗಿ ಹರಡಿಕೊಳ್ಳುತ್ತದೆ. ಆದರೆ ರಸ್ತೆಯಲ್ಲಿ ಓಡುವ ವಾಹನದ ಗಾಜು ಶುದ್ಧವಾಗಿ ಉಳಿಯುವುದೆಲ್ಲಿ ಬಂತು! ಹೊಗೆ, ಎಣ್ಣೆಯ ಆವಿ, ಕೈಜಿಡ್ಡು ಇವು ಅಲ್ಲಲ್ಲಿ ಮುತ್ತಿ, ಕೋನವು ಒಂದೊಂದೆಡೆ ಒಂದೊಂದಾಗುತ್ತದೆ. ನಮ್ಮ ಚಾಲಕರ ಹೊಗೆಸೊಪ್ಪು ಜಿಡ್ಡನ್ನು ತಿಕ್ಕಿ ತೆಗೆದು, ನೀರನ್ನು ಹಿಡಿದುಕೊಳ್ಳುವ ತನ್ನ ರಸವನ್ನು ಗಾಜಿನ ಮೇಲೆ ಬಿಟ್ಟಿರಬೇಕು. ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಎರಡು ಗಾಜಿನ ತುಂಡುಗಳನ್ನು ಸೀಗೆಪುಡಿಯಿಂದಲೋ ಸೋಪಿನಿಂದಲೋ ಚೆನ್ನಾಗಿ ತೊಳೆದು, ಒಂದಕ್ಕೆ ಮಾತ್ರ ಮೇಣದಬತ್ತಿಯನ್ನು ಉಜ್ಜಿ ಬಟ್ಟೆಯಿಂದ ಒರಸಿ, ಎರಡರ ಮೇಲೂ ಒಂದೊಂದು ತೊಟ್ಟು ನೀರು ಬಿಟ್ಟು ಪಕ್ಕದಿಂದ ನೋಡಿ.

ನ್ಯಾನೊ ಲೇಪವು ಮೇಣದ ಕೆಲಸವನ್ನೇ ಹೆಚ್ಚು ಅಚ್ಚುಕಟ್ಟಾಗಿ ಮಾಡುತ್ತದೆ. ಇವುಗಳಲ್ಲಿ ಸಾಮಾನ್ಯವಾದುವು ಸಿಲೇನ್ ಎಂಬ ಜಾತಿಯ ಸಂಯುಕ್ತಗಳು. ಇವುಗಳ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಯಲ್ಲಿರುವ ಸಿಲಿಕಾನ್ ಗಾಜಿನ ಆಮ್ಲಜನಕದೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಇಂಗಾಲ ಮತ್ತು ಫ್ಲೂರಿನ್‌ಗಳಿಂದಾದ ಬಾಲವು ಹೊರಗೆ ನಿಂತು ನೀರನ್ನು ದೂರವಿಡುತ್ತದೆ. ಒಂದು ಪದರದ ದಪ್ಪ ಕೇವಲ 1 ಅಥವಾ 2 ನ್ಯಾನೊಮೀಟರ್. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ; ನಮ್ಮ ಬೆರಳಿನ ಉಗುರು ಒಂದು ಸೆಕೆಂಡಿನಲ್ಲಿ ಬೆಳೆಯುವುದು ಹೆಚ್ಚುಕಡಿಮೆ ಇಷ್ಟೇ. ಬೆಳಕಿನ ಅಲೆಯುದ್ದವು 400ರಿಂದ 700 ನ್ಯಾನೊಮೀಟರ್ ಇರುವುದರಿಂದ ಇಷ್ಟು ತೆಳುವಾದ ಪೊರೆ ಇದೆಯೆಂಬುದೇ ಬೆಳಕಿಗೆ ತಿಳಿಯದು. ನೀರಿಗೆ ಮಾತ್ರ ತಿಳಿಯುತ್ತದೆ.

ತಾವರೆಯ ಎಲೆಯನ್ನೂ ಕೆಸುವಿನ ಎಲೆಯನ್ನೂ ನೀರು ಅಂಟುವುದಿಲ್ಲವಷ್ಟೆ. ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಟ್‌ಲಾಟ್ ಮತ್ತು ನೈನ್‌ಹೌಸ್ ಎಂಬವರು 1997ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎಲೆಯ ಮೇಲಿನ ಅತಿ ಸಣ್ಣ ಗುಬುಟುಗಳೂ ಅವುಗಳ ಮೇಲಿನ ಮೇಣವೂ ಕೂಡಿ ಈ ಗುಣವನ್ನು ಕೊಡುತ್ತವೆಂದೂ, ಉರುಳುವ ಹನಿಯು ದೂಳನ್ನೂ ಒಯ್ಯುತ್ತದೆಂದೂ ತೋರಿಸಿದರು. ಅಲ್ಲಿ ಸ್ಪರ್ಶಕೋನ 160 ಡಿಗ್ರಿಯಷ್ಟಿರುತ್ತದೆ. ನಯವಾದ ತಲದ ಮೇಲಾದರೋ ಎಂತಹ ಲೇಪ ಹಚ್ಚಿದರೂ ಕೋನವು ಸುಮಾರು 120 ಡಿಗ್ರಿಯನ್ನು ಮೀರುವುದಿಲ್ಲ. ಹಾಗಾದರೆ ಗಾಜಿನ ಮೇಲೆಯೂ ಗುಬುಟುಗಳನ್ನು ಎಬ್ಬಿಸಬಾರದೇಕೆ? ಅವು ಬೆಳಕಿನ ಅಲೆಯುದ್ದದಷ್ಟು ದೊಡ್ಡವಾದರೆ ಬೆಳಕನ್ನು ಚದರಿಸಿ ಗಾಜನ್ನು ಮಬ್ಬಾಗಿಸುತ್ತವೆ. ಸಣ್ಣವಾದರೆ ವೈಪರಿನ ಉಜ್ಜುವಿಕೆಗೆ ಬಹುಕಾಲ ತಾಳವು. ತಾವರೆ ಎಲೆಗೆ ವೈಪರಿನ ಕಾಟವಿಲ್ಲ. ಎಲೆ ಮುದಿಯಾದರೆ ಹೊಸ ಎಲೆ ಬರುತ್ತದೆ.

ಹೊಗೆಸೊಪ್ಪಿನ ದಾರಿಯಲ್ಲಿ ನಡೆದ ಲೇಪಗಳೂ ಇವೆ. ಟೈಟೇನಿಯಮ್ ಡೈಆಕ್ಸೈಡಿನ ಪೊರೆಗೆ ನೇರಳಾತೀತ ಕಿರಣಗಳು ತಗುಲಿದರೆ ಅದು ತನ್ನ ಮೇಲಣ ಜಿಡ್ಡನ್ನು ಒಡೆದುಹಾಕಿ, ನೀರನ್ನು ಪೂರ್ಣವಾಗಿ ಹರಡಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಸಂಸ್ಥೆಯವರು ಸುಮಾರು 15 ನ್ಯಾನೊಮೀಟರ್ ದಪ್ಪದ ಇಂತಹ ಪೊರೆಯುಳ್ಳ ಕಿಟಕಿಗಾಜನ್ನು 2001ರಲ್ಲಿ ಮಾರುಕಟ್ಟೆಗೆ ತಂದರು. ಎತ್ತರದ ಕಟ್ಟಡಗಳಿಗೆ ಇದು ಬಹಳ ಯೋಗ್ಯವಾದುದು.

ಮೋಟಾರಿನ ವಿಷಯಕ್ಕೆ ಬಂದರೆ, ಮಾರಾಟಗಾರರು ಹೇಳುವುದೆಲ್ಲವನ್ನೂ ನಂಬಬೇಕಾಗಿಲ್ಲ. ಲೇಪ ಹಚ್ಚಿದ ಗಾಜಿನಿಂದ ಹನಿಗಳನ್ನು ಒಯ್ಯುವುದು ಮುಖ್ಯವಾಗಿ ಎದುರುಗಾಳಿ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಅವು ಮೇಲಕ್ಕೆ ಓಡಿಹೋಗುತ್ತವೆ. ಘಟ್ಟದ ತಿರುವಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಸಣ್ಣ ಹನಿಗಳು ಗುಂಡಗೆ ಕುಳಿತೇ ಇರುತ್ತವೆ. ದಾರಿ ಕಾಣುವುದು ಅತ್ಯಂತ ಅಗತ್ಯವಾದೆಡೆಯಲ್ಲಿಯೇ ಲೇಪದ ನೆರವು ಕಡಿಮೆ. ಅಲ್ಲಿ ಒಳ್ಳೆಯ ವೈಪರೇ ಗತಿ. ಇನ್ನು ‘9ಎಚ್ ಗಡಸುತನ’ವೆಂಬ ಘೋಷಣೆಯನ್ನು ಕೇಳಿ ಕೆಲವರು ಲೇಪವು ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆಂದು ಭ್ರಮಿಸುವುದುಂಟು. ಆ 9 ಖನಿಜಗಳ ಮೋಸ್ ಮಾನದ ಅಂಕೆಯಲ್ಲ. ಪೆನ್ಸಿಲಿನ ಗಡಸುತನದ ಅಂಕೆ. ಗಾಜಿನ ಗಡಸುತನ ಮೋಸ್ ಮಾನದಲ್ಲಿ ಸುಮಾರು 5.5, ರಸ್ತೆಯ ಮರಳಿನದು 7. ಒಣಗಾಜಿನ ಮೇಲೆ ದೂಳಿರುವಾಗ ವೈಪರ್ ಆಡಿಸಿದರೆ ಗಾಜಿಗೇ ಗೀರು ಬೀಳುವಾಗ ಅದರ ಮೇಲಿನ ಒಂದೆರಡು ಅಣುಗಳ ಪದರ ಉಳಿದೀತೆ?

ಬಿರುಕಿಗಂತೂ ಯಾವ ಲೇಪವೂ ಮದ್ದಲ್ಲ. ಮುಂದಿನ ಗಾಜು ಒಂದೇ ಹಲಗೆಯಲ್ಲ. ಸುಮಾರು 2 ಮಿಲಿಮೀಟರಿನ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ಹಾಳೆಯೊಂದಿದ್ದು, ಗಾಜು ಒಡೆದರೂ ಚೂರುಗಳನ್ನು ಅದು ಹಿಡಿದಿಡುತ್ತದೆ. ಕಲ್ಲು ಸಿಡಿದು ಹೊರಗಾಜಿನಲ್ಲಿ ಬಿರುಕು ಹುಟ್ಟಿತೆನ್ನಿ. ಬಿರುಕಿನ ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಒಟ್ಟುಗೂಡುತ್ತದೆ. ಗಾಜು ತನ್ನ ಪರಮಾಣುಬಂಧಗಳ ಬಲಕ್ಕಿಂತ ಬಹು ಕಡಿಮೆ ಬಲಕ್ಕೇ ಒಡೆಯುವುದು ಇಂತಹ ಬಿರುಕುಗಳಿಂದಲೇ ಎಂದು 1921ರಲ್ಲಿ ಗ್ರಿಫಿತ್ ತೋರಿಸಿದನು. ಇಲ್ಲಿಯೂ ನೀರು ಬಂದು ಸೇರುತ್ತದೆ. ಲೇಪದ ಅಣುವನ್ನು ಗಾಜಿಗೆ ಬೆಸೆದ ಸಿಲಿಕಾನ್-ಆಮ್ಲಜನಕ ಬಂಧವೆಂಥದೋ ಅಂಥದನ್ನೇ ನೀರಿನ ಅಣುಗಳು ಬಿರುಕಿನ ತುದಿಯಲ್ಲಿ ಒಂದೊಂದಾಗಿ ಕತ್ತರಿಸುತ್ತವೆ. ನಿಂತಲ್ಲಿಯೇ ಬಿರುಕು ಬೆಳೆಯುವುದು ಇದರಿಂದ. ನಾಣ್ಯದಷ್ಟು ಚಿಕ್ಕ ಪೆಟ್ಟಾದರೆ ವಕ್ರೀಭವನಾಂಕದಲ್ಲಿ ಗಾಜನ್ನೇ ಹೋಲುವ ರಾಳವನ್ನು ತುಂಬಿ, ನೇರಳಾತೀತ ಕಿರಣಗಳಿಂದ ಗಟ್ಟಿಮಾಡಿ ಸರಿಪಡಿಸಬಹುದು. ಬಿರುಕು ಉದ್ದವಾಗಿದ್ದರೆ, ಅಥವಾ ಚಾಲಕನ ದೃಷ್ಟಿಗೆ ಅಡ್ಡವಾಗಿದ್ದರೆ, ಗಾಜನ್ನೇ ಬದಲಾಯಿಸತಕ್ಕದ್ದು.

ಹೊಸ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಕೂರಿಸುತ್ತಾರೆ. ಗಾಳಿಯಲ್ಲಿನ ತೇವವನ್ನು ಹೀರಿ ಗಟ್ಟಿಯಾಗುವುದು ಈ ಅಂಟಿನ ಸ್ವಭಾವ. ಅಪಘಾತದಲ್ಲಿ ಉಬ್ಬುವ ಗಾಳಿಚೀಲವು ಅನೇಕ ಕಾರುಗಳಲ್ಲಿ ಈ ಗಾಜಿಗೇ ಒರಗಿ ನಿಲ್ಲುವುದರಿಂದ, ಅಂಟು ಬಲಿಯುವ ಮುನ್ನ ವಾಹನವನ್ನು ಓಡಿಸಬಾರದು. ಗಾಜಿನ ಹಿಂದೆ ಕ್ಯಾಮರಾ ಇರುವ ಹೊಸ ಕಾರುಗಳಲ್ಲಿ ಅದನ್ನು ಮತ್ತೆ ಗುರಿಹೊಂದಿಸಬೇಕಾಗುತ್ತದೆ. ಹಳೆಯ ಲೇಪ ಹಳೆಯ ಗಾಜಿನೊಡನೆ ಹೋಯಿತು. ಬೇಕಿದ್ದರೆ ಹೊಸದಾಗಿ ಹಚ್ಚಬೇಕು. ಹಚ್ಚುವ ಮೊದಲು ನೀರು ಸಮನಾಗಿ ಹರಡುವವರೆಗೆ ಗಾಜನ್ನು ತೊಳೆಯಬೇಕು. ಜಿಡ್ಡಿನ ಮೇಲೆ ಹಚ್ಚಿದ ಲೇಪ ಜಿಡ್ಡಿನೊಡನೆಯೇ ಹೋಗಿಬಿಡುತ್ತದೆ.