ಎಚ್-1ಬಿ ವೀಸಾ: ವೆಚ್ಚ ಯಾರ ಖಾತೆಗೆ?

ಮಗನಿಗೋ ಅಳಿಯನಿಗೋ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯೋಗ ದೊರೆತಾಗ ನಮ್ಮ ವರ್ತಕ ಕುಟುಂಬಗಳಲ್ಲಿ ಕೇಳಿಬರುವ ಮಾತು "ಕಂಪನಿಯವರೇ ವೀಸಾ ಸ್ಪಾನ್ಸರ್ ಮಾಡುತ್ತಾರೆ" ಎಂಬುದು. ಸ್ಪಾನ್ಸರ್ ಎಂದೊಡನೆ ಗಣೇಶೋತ್ಸವದ ಪೆಂಡಾಲಿಗೆ ಹಣ ನೀಡುವ ಪ್ರಾಯೋಜಕರು ನೆನಪಾಗುವುದು ಸಹಜ. ಆದರೆ ಅಮೆರಿಕದ ವಲಸೆ ಕಾನೂನಿನಲ್ಲಿ ಈ ಪದಕ್ಕೆ ಉದ್ಯೋಗದಾತನ ಲಿಖಿತ ಹೊಣೆಗಾರಿಕೆ ಎಂದೇ ಅರ್ಥ. ಈ ಹೊಣೆಗಾರಿಕೆಯ ಲೆಕ್ಕವನ್ನು ತಿಳಿಯದೆ ಹಣ ಕಳೆದುಕೊಳ್ಳುವವರು ಕಡಿಮೆಯೇನಿಲ್ಲ.

1990ರ ವಲಸೆ ಕಾಯಿದೆಯ ಮೂಲಕ ಬಂದ ಎಚ್-1ಬಿ ವರ್ಗವು ಪದವಿ ಅಗತ್ಯವಿರುವ ವಿಶೇಷ ಪರಿಣತಿಯ ಹುದ್ದೆಗಳಿಗೆ ಮೀಸಲು. ವಾರ್ಷಿಕ ಮಿತಿ 65,000. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ 20,000. 2001ರಿಂದ 2003ರವರೆಗಿನ ಹಣಕಾಸು ವರ್ಷಗಳಲ್ಲಿ ಮಿತಿಯನ್ನು 1,95,000ಕ್ಕೆ ಏರಿಸಿ, 2004ರಲ್ಲಿ ಪುನಃ 65,000ಕ್ಕೆ ಇಳಿಸಲಾಯಿತು. ಮಂಜೂರಾದ ಅರ್ಜಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಶೇ. 70ಕ್ಕೂ ಹೆಚ್ಚು ಭಾರತೀಯರದು.

ಅರ್ಜಿದಾರ ನೌಕರನಲ್ಲ, ಉದ್ಯೋಗದಾತ. ಆತ ಮೊದಲು ಅಲ್ಲಿನ ಕಾರ್ಮಿಕ ಇಲಾಖೆಗೆ ಲೇಬರ್ ಕಂಡಿಷನ್ ಅಪ್ಲಿಕೇಶನ್ ಸಲ್ಲಿಸಬೇಕು. ತನ್ನಲ್ಲಿ ಅದೇ ಕೆಲಸ ಮಾಡುವವರಿಗೆ ಕೊಡುತ್ತಿರುವ ವೇತನ ಹಾಗೂ ಆ ಪ್ರದೇಶದಲ್ಲಿ ಚಾಲ್ತಿಯಲ್ಲಿರುವ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುವುದಾಗಿ ಅದರಲ್ಲಿ ಘೋಷಿಸಬೇಕು. ಅನಂತರವೇ ವಲಸೆ ಇಲಾಖೆಗೆ ಐ-129 ಅರ್ಜಿ. ನೌಕರನಿಗೆ ಕೆಲಸವಿಲ್ಲದೆ "ಬೆಂಚ್" ಮೇಲೆ ಕೂರಿಸಿದರೂ ಸಂಬಳ ನಿಲ್ಲಿಸುವಂತಿಲ್ಲ.

ಇನ್ನು ಶುಲ್ಕದ ವಿಷಯ. ನಮ್ಮ ಊರುಗಳಲ್ಲಿ ಕೆಲವು ಮಧ್ಯವರ್ತಿಗಳು "ವೀಸಾ ಖರ್ಚು" ಎಂದು ತಂದೆತಾಯಿಗಳಿಂದ ಲಕ್ಷಗಟ್ಟಲೆ ಹಣ ಕೇಳುತ್ತಾರೆ. ಕಾನೂನು ಇದಕ್ಕೆ ನೇರವಾಗಿ ವಿರುದ್ಧವಾಗಿದೆ. 1,500 ಡಾಲರ್ ತರಬೇತಿ ಶುಲ್ಕವನ್ನು (ನೌಕರರ ಸಂಖ್ಯೆ 25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 750) ಯಾವುದೇ ರೂಪದಲ್ಲಿ ನೌಕರನಿಂದ ವಸೂಲು ಮಾಡುವಂತಿಲ್ಲ. ವಕೀಲರ ಶುಲ್ಕ ಹಾಗೂ ಅರ್ಜಿಯ ವೆಚ್ಚ ಉದ್ಯೋಗದಾತನ ವ್ಯಾಪಾರಿ ವೆಚ್ಚವೆಂದೇ ಪರಿಗಣಿತ. ಅವಧಿಗೆ ಮುಂಚೆ ಬಿಟ್ಟುಹೋದರೆ ದಂಡ ಕಟ್ಟಬೇಕೆಂಬ ಬಾಂಡೂ ಸಲ್ಲದು. ಆಯಾ ರಾಜ್ಯದ ಕಾನೂನು ಒಪ್ಪುವ, ಮೊದಲೇ ನಿಗದಿಯಾದ ನ್ಯಾಯಸಮ್ಮತ ನಷ್ಟಪರಿಹಾರ ಮಾತ್ರ ಇದಕ್ಕೆ ಹೊರತು. ಹೀಗಿರುವಾಗ, ರಸೀದಿ ಕೊಡದೆ ಹಣ ಕೇಳುವವರ ಬಳಿ ಯಾವ ಉದ್ಯೋಗದಾತನ ಹೆಸರಿನಲ್ಲಿ ಕೇಳುತ್ತಿದ್ದೀರಿ ಎಂದು ಪ್ರಶ್ನಿಸುವುದರಲ್ಲಿ ಸಂಕೋಚವೇಕೆ?

ವೆಚ್ಚದ ಪ್ರಮಾಣವೂ ಈಗ ಬದಲಾಗಿದೆ. 2020ರಲ್ಲಿ 10 ಡಾಲರ್ ಇದ್ದ ನೋಂದಣಿ ಶುಲ್ಕ 2025ರಲ್ಲಿ 215 ಡಾಲರ್ ಆಯಿತು. 2025ರ ಸೆಪ್ಟೆಂಬರ್ 19ರ ಅಧ್ಯಕ್ಷೀಯ ಘೋಷಣೆಯು ಅಮೆರಿಕದ ಹೊರಗಿರುವವರ ಹೊಸ ಅರ್ಜಿಗಳಿಗೆ 12 ತಿಂಗಳ ಅವಧಿಗೆ 1,00,000 ಡಾಲರ್ ಪಾವತಿಯನ್ನು ವಿಧಿಸಿತು. ದೊಡ್ಡ ಸಂಸ್ಥೆಗಳು ಹೇಗೋ ನಿಭಾಯಿಸಿಯಾವು. ಹತ್ತಾರು ನೌಕರರ ಸಣ್ಣ ಸಂಸ್ಥೆಗೆ ಇದು ಬಾಗಿಲು ಮುಚ್ಚಿದಂತೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಮರಳಿ ಬಾರದ ಕಂತು

ಸಂಬಳದ ಚೀಟಿಯಲ್ಲಿ ಹೆಚ್ಚಿನವರು ಗಮನಿಸದ ಒಂದು ಕಡಿತವಿದೆ. ಎಚ್-1ಬಿ ನೌಕರನ ವೇತನದಿಂದ ಸೋಶಿಯಲ್ ಸೆಕ್ಯುರಿಟಿಗೆ ಶೇ. 6.2 ಹಾಗೂ ಮೆಡಿಕೇರ್‌ಗೆ ಶೇ. 1.45 ಕಡಿತವಾಗುತ್ತದೆ, ಉದ್ಯೋಗದಾತನೂ ಅಷ್ಟೇ ಮೊತ್ತವನ್ನು ಸೇರಿಸಿ ಕಟ್ಟಬೇಕು. ವಾರ್ಷಿಕ 1,00,000 ಡಾಲರ್ ವೇತನವಿದ್ದರೆ ನೌಕರನ ಪಾಲು ವರ್ಷಕ್ಕೆ 7,650 ಡಾಲರ್, ಆರು ವರ್ಷಕ್ಕೆ 45,900 ಡಾಲರ್. ಪಿಂಚಣಿಗೆ ಅರ್ಹನಾಗಲು 40 ಕ್ರೆಡಿಟ್, ಅಂದರೆ ಕನಿಷ್ಠ ಹತ್ತು ವರ್ಷದ ದುಡಿಮೆ ಬೇಕು. ವೀಸಾದ ಸಾಮಾನ್ಯ ಗರಿಷ್ಠ ಅವಧಿಯಾದರೋ ಆರು ವರ್ಷ! ಬೆಲ್ಜಿಯಂ, ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳೊಡನೆ ಭಾರತ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಅಮೆರಿಕದೊಡನೆ ಈವರೆಗೆ ಆಗಿಲ್ಲ. ಹೀಗಾಗಿ ಆರು ವರ್ಷ ದುಡಿದು ಊರಿಗೆ ಮರಳಿದವನ ಕಂತು ಅಲ್ಲಿಯೇ ಉಳಿಯುತ್ತದೆ. ಗ್ರೀನ್ ಕಾರ್ಡ್ ಪ್ರಕ್ರಿಯೆ ಸಾಕಷ್ಟು ಮುಂದುವರಿದಿದ್ದರೆ ಆರು ವರ್ಷದ ಮೇಲೂ ವಿಸ್ತರಣೆ ದೊರೆಯುತ್ತದೆ. ಆದರೆ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಬಹಳ ಉದ್ದ.

ನಮ್ಮ ಸದಸ್ಯರಲ್ಲಿ ವಿನ್ಯಾಸ ಅಥವಾ ಸಾಫ್ಟ್‌ವೇರ್ ಘಟಕ ಹೊಂದಿ, ಅಮೆರಿಕದ ಗ್ರಾಹಕರ ಕಾರ್ಖಾನೆಗೆ ತಮ್ಮ ಎಂಜಿನಿಯರನ್ನು ಕಳುಹಿಸಬಯಸುವವರೂ ಇದ್ದಾರೆ. ಅಮೆರಿಕದಲ್ಲಿ ಕಾನೂನುಬದ್ಧ ಅಸ್ತಿತ್ವವಿಲ್ಲದ ಸಂಸ್ಥೆ ಎಚ್-1ಬಿ ಅರ್ಜಿ ಹಾಕುವಂತಿಲ್ಲ. ಅಲ್ಲಿ ಶಾಖೆ ಅಥವಾ ಅಂಗಸಂಸ್ಥೆ ಇದ್ದಲ್ಲಿ, ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಸತತವಾಗಿ ದುಡಿದ ವ್ಯವಸ್ಥಾಪಕ ಅಥವಾ ವಿಶೇಷ ಜ್ಞಾನವುಳ್ಳ ನೌಕರನನ್ನು ಎಲ್-1 ವೀಸಾದಲ್ಲಿ ಕಳುಹಿಸಬಹುದು. ಸಭೆ, ಮಾತುಕತೆಗಳಿಗಾಗಿ ಇರುವ ಬಿ-1 ವೀಸಾದಲ್ಲಿ ಕಳುಹಿಸಿ ಕೆಲಸ ಮಾಡಿಸುವ ಸುಲಭದ ದಾರಿ ಅಪಾಯಕಾರಿ. ಬಿ-1 ಬಳಕೆಯ ಕುರಿತ ಪ್ರಕರಣವನ್ನು ಇತ್ಯರ್ಥಪಡಿಸಲು ಬೆಂಗಳೂರಿನ ಇನ್ಫೋಸಿಸ್ 2013ರಲ್ಲಿ 3.4 ಕೋಟಿ ಡಾಲರ್ ಪಾವತಿಸಬೇಕಾಯಿತು; ವಂಚನೆಯ ಆರೋಪವನ್ನು ಸಂಸ್ಥೆ ನಿರಾಕರಿಸಿತ್ತು.

ಉದ್ಯೋಗಕ್ಕೆ ಹೊರಟವರು ಕೇಳಿ ಪಡೆಯಬೇಕಾದ ದಾಖಲೆ ಒಂದಿದೆ. ಮೇಲೆ ಹೇಳಿದ ಲೇಬರ್ ಕಂಡಿಷನ್ ಅಪ್ಲಿಕೇಶನ್‌ನ ಪ್ರತಿಯನ್ನು ಕೆಲಸಕ್ಕೆ ಹಾಜರಾಗುವ ದಿನದೊಳಗೆ ನೌಕರನಿಗೆ ಕೊಡುವುದು ಕಡ್ಡಾಯ. ಹುದ್ದೆ, ಸ್ಥಳ, ವೇತನ ಮೂರೂ ಅದರಲ್ಲಿ ನಮೂದಾಗಿರುತ್ತವೆ. ನೇಮಕಾತಿ ಪತ್ರದೊಡನೆ ತಾಳೆ ನೋಡಬೇಕು. ಕೆಲಸ ಹೋದರೆ ಬೇರೆ ಉದ್ಯೋಗದಾತನನ್ನು ಹುಡುಕಿಕೊಳ್ಳಲು 2017ರಿಂದ ಗರಿಷ್ಠ 60 ದಿನಗಳ ಕಾಲಾವಕಾಶವಿದೆ. ಅವಧಿಗೆ ಮುಂಚೆ ಉದ್ಯೋಗದಾತನೇ ವಜಾ ಮಾಡಿದರೆ ಸ್ವದೇಶಕ್ಕೆ ಮರಳುವ ನ್ಯಾಯಯುತ ಪ್ರಯಾಣವೆಚ್ಚವೂ ಆತನದೇ. ತಾನಾಗಿ ರಾಜೀನಾಮೆ ಕೊಟ್ಟವನಿಗೆ ಈ ಟಿಕೆಟ್ ಇಲ್ಲ. ಹೆಂಡತಿ ಮಕ್ಕಳ ಟಿಕೆಟ್ಟಂತೂ ಎರಡೂ ಸಂದರ್ಭಗಳಲ್ಲಿ ಅವನ ಖಾತೆಗೇ ಬೀಳುತ್ತದೆ.